ಅಪ್ಪ ಕೊಡದ ಪತ್ರ

ಶಶಿರೇಖಾ ಜೆರಾಕ್ಸ್ ಅಂಗಡಿಯಲ್ಲಿ ದುಡಿದು ತನ್ನ ಕಾಲೇಜು ಫೀಸು ತಾನೇ ಕಟ್ಟಿಕೊಳ್ಳುತ್ತಿದ್ದ ಹುಡುಗಿ. ಅಂಥವರಿಗೆಂದೇ ಒಂದು ವಿದ್ಯಾರ್ಥಿವೇತನವಿತ್ತು. ಅರ್ಜಿ ಹಾಕಲು ನಾಳೆಯೇ ಕೊನೆ.

ಕಾಲೇಜು ಆಫೀಸಿನ ಸೂಪರಿಂಟೆಂಡೆಂಟ್ ವಿಶ್ವಾರಾಧ್ಯರು ಅವಳ ಸಂಬಳದ ಚೀಟಿಯನ್ನು ಹಲ್ಲಿ ಬಿದ್ದ ಹಾಲಿನಂತೆ ಪಕ್ಕಕ್ಕೆ ಸರಿಸಿದರು.

"ಇದೆಲ್ಲ ನಡೆಯಲ್ಲಮ್ಮ. ನೀನು ಅಪ್ಪನ ಹತ್ರ ಏನೂ ಇಸ್ಕೊಳ್ಳಲ್ಲ ಅಂತ ಅಪ್ಪನ ಹತ್ರಾನೇ ಒಂದು ಪತ್ರ ಇಸ್ಕೊಂಡು ಬಾ."

"ಪತ್ರ ಇಸ್ಕೊಂಡ್ರೆ ಅದೂ ಇಸ್ಕೊಂಡ ಹಾಗೇ ಅಲ್ವಾ ಸಾರ್?"

"ರೂಲ್ಸ್ ಅಂದ್ರೆ ರೂಲ್ಸು!" ಎಂದವರೇ ಕಾಫಿಗೆ ಎದ್ದುಹೋದರು.

ಮಾರನೆಯ ದಿನ ಅವಳು ಪತ್ರ ತಂದಳು. ವಿಶ್ವಾರಾಧ್ಯರು ಗತ್ತಿನಿಂದ, ಆಫೀಸಿಗೆಲ್ಲ ಕೇಳುವಂತೆ ಓದಿದರು: "ನನ್ನ ಮಗಳು ಶಶಿರೇಖಾ ನಿನ್ನೆ ನನ್ನನ್ನು ಒಂದು ಪತ್ರ ಕೇಳಿದಳು. ನಾನು ಕೊಡಲಿಲ್ಲ, ಕೊಡುವುದೂ ಇಲ್ಲ. ಇಂತಿ, ನಂಜುಂಡಪ್ಪ."

ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. "ಕೊಡಲಿಲ್ಲ ಅಂತ ಅವರೇ ರುಜು ಹಾಕಿದ್ದಾರೆ! ಹಾಗಾದ್ರೆ ಇದನ್ನ ಕೊಟ್ಟೋರು ಯಾರು?"

"ಯಾರೂ ಕೊಟ್ಟಿಲ್ಲ ಸಾರ್. ಬರೆದು ಕಿಟಕಿ ಮೇಲಿಟ್ಟು ಸ್ನಾನಕ್ಕೆ ಹೋದ್ರು. ನಾನೇ ಎತ್ಕೊಂಡು ಬಂದೆ. ಒಂದು ಕಾಗದಾನೇ ಕೈಯೆತ್ತಿ ಕೊಡದ ಅಪ್ಪ ಫೀಸು ಕೊಡ್ತಾರಾ?"

ವಿಶ್ವಾರಾಧ್ಯರು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬೆಳಕಿಗೆ ಹಿಡಿದು ನೋಡಿದರು. ಗುಮಾಸ್ತರೆಲ್ಲ ಫೈಲುಗಳ ಹಿಂದೆ ಮುಖ ಮುಚ್ಚಿಕೊಂಡು ಮುಸಿಮುಸಿ ನಗುತ್ತಿದ್ದರು. ಕೊನೆಗೆ ವಿಶ್ವಾರಾಧ್ಯರು ಅರ್ಜಿಯ ಮೇಲೆ ಧಡ್ಡನೆ ಸೀಲು ಕುಟ್ಟಿದರು.

"ಈ ಪತ್ರದ್ದು ಒಂದು ಜೆರಾಕ್ಸ್ ಮಾಡಿಸ್ಕೊಂಡು ಬಾಮ್ಮ. ನಮ್ಮ ಮನೇಲಿ ತೋರಿಸ್ಬೇಕು."

ಶಶಿರೇಖಾ ಕೈ ಚಾಚಿದಳು.

"ಎರಡು ರೂಪಾಯಿ ಸಾರ್. ನಾನು ಬದುಕ್ತಿರೋದೇ ಅದರಲ್ಲಿ."