ಏರಿಯೊಡೆದ ಗಂಡ

"ಕೇಳಿರಿ, ಕೇಳಿರಿ! ಅರಿರಾಯರ ಗಂಡ, ಗಡಿ ದಾಟಿದ ಗಂಡ, ಏರಿಯೊಡೆದ ಗಂಡ, ರತ್ನವಾಡಿಯ ಒಡೆಯರಾದ ವೀರಕೇತು ಮಹಾರಾಜರ ಆಜ್ಞೆ! ನಾಡು ನಾಡಿಗೆ ಭೇದವೇಕೆಂಬುದನ್ನು ಬಲ್ಲ ಪ್ರಧಾನಿ ಬೇಕಾಗಿದ್ದಾನೆ. ಕುವರಿ ಸುಪ್ರಭಾದೇವಿಯವರು ಮೂರು ಒಗಟು ಹೇಳುವರು. ಮೂರನ್ನೂ ಬಿಡಿಸಿದವನಿಗೆ ಪ್ರಧಾನಿ ಪದವಿ, ಬೇಡಿದ ಒಂದು ವರ. ಒಂದು ತಪ್ಪಿದರೂ ತಲೆದಂಡ!"

ಮೂರು ದಿನ ಡಂಗುರ ಸಾರಿತು. ನಾಲ್ಕನೆಯ ದಿನ ಸಭೆ ನೆರೆಯಿತು. ಮುಂದೆ ಬಂದವರು ನಾಲ್ವರೇ: ತ್ರಿಲೋಚನ ಶಾಸ್ತ್ರಿ, ವರ್ತಕ ಪದುಮಸೆಟ್ಟಿ, ನೆರೆಯ ಅರಸುಮಗ ಅರಿಮರ್ದನ, ಮತ್ತು ಬೀರಣ. ಬೀರಣ ಹೇರೆತ್ತುಗಳ ಮೇಲೆ ನಾಡಿನಿಂದ ನಾಡಿಗೆ ಸರಕು ಸಾಗಿಸುವವನು. ಹುಟ್ಟಿದ್ದು ಮಾಗೆರೆ ನಾಡಿನಲ್ಲಿ. ಅಲ್ಲಿ ಅವನ ತಾಯಿ ದಿನವೂ ಎರಡು ಹರದಾರಿ ನಡೆದು ಒಂದು ಕೊಡ ಕೆಸರುನೀರು ತರುತ್ತಿದ್ದಳು. ಆ ಊರಿಗೆ ನೀರು ಬೇಡಬೇಕೆಂದೇ ಅವನು ತಲೆಯನ್ನು ಪಣವಿಟ್ಟು ಬಂದಿದ್ದ.

"ಎತ್ತುಗಳನ್ನು ಎಲ್ಲಿ ಕಟ್ಟಿದೆಯಪ್ಪಾ?" ಎಂದ ಪದುಮಸೆಟ್ಟಿ. "ಒಳಗೆ ತಂದೀಯೆ ಮತ್ತೆ!"

"ಹೊರಗೇ ಇವೆ ಸೆಟ್ಟರೇ. ಒಳಗೆ ಆಗಲೇ ಜಾಗ ತುಂಬಿದೆ."

ಕುವರಿ ನಗಲಿಲ್ಲ. ಉತ್ತರ ಬರೆದ ಓಲೆಯನ್ನು ಕೈಯಲ್ಲಿ ಹಿಡಿದು ಮೊದಲನೆಯ ಒಗಟು ಹೇಳಿದಳು. "ಒಬ್ಬ ತಾಯಿ, ಇಬ್ಬರು ಮಕ್ಕಳು. ಇಬ್ಬರಿಗೂ ಒಂದೇ ಎದೆಹಾಲು. ಮೇಲೆ ಮಲಗಿದವನು ಬಡಕಲು, ಕೆಳಗೆ ಮಲಗಿದವನು ದಷ್ಟಪುಷ್ಟ. ತಾಯಿ ಯಾರು? ಭೇದವೇಕೆ?"

ಶಾಸ್ತ್ರಿ ಮುಂದೆ ಬಂದ. "ತಾಯಿ ಭೂದೇವಿ. ಬಡಕಲಾದವನು ಸೋಮಾರಿ. ಪೂರ್ವಕರ್ಮವೂ ಇದ್ದೀತು."

"ತಪ್ಪು," ಎಂದಳು ಕುವರಿ. ಭಟರು ಶಾಸ್ತ್ರಿಯನ್ನು ಪಕ್ಕಕ್ಕೆ ನಿಲ್ಲಿಸಿದರು.

ಬೀರಣ ಕೈಮುಗಿದ. "ತಾಯಿ ಹೊಳೆ, ದೇವಿ. ಮೇಲಿನ ಮಗ ಬೆಟ್ಟದ ನಾಡು. ಇಳಿಜಾರಿನಲ್ಲಿ ನೀರು ನಿಲ್ಲದು, ಮಣ್ಣೂ ನಿಲ್ಲದು. ಎರಡೂ ಇಳಿದು ಬಂದು ಕೆಳಗಿನ ಬಯಲಿನಲ್ಲಿ ಕೂರುತ್ತವೆ. ಬೆಟ್ಟದವರು ಅಂಗೈಯಗಲದ ಗದ್ದೆಗೆ ಎದೆಯೆತ್ತರ ಕಲ್ಲು ಕಟ್ಟುವುದನ್ನು ಕಂಡಿದ್ದೇನೆ. ಸೋಮಾರಿ ಎನ್ನುವವರು ಒಂದು ಕಲ್ಲು ಹೊತ್ತು ನೋಡಲಿ."

"ಸರಿ. ಎರಡನೆಯದು. ಒಂದು ನಾಡಿನಿಂದ ಹತ್ತು ಎತ್ತು ಬೆನ್ನು ಬಾಗಿಸಿ ಹೊರಡುತ್ತವೆ. ಮರಳುವಾಗ ಒಂದರ ಮೇಲೆ ಮಾತ್ರ ಹೇರು, ಒಂಬತ್ತು ಬರಿಬೆನ್ನು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಬೆಲೆ ಸಮ. ಬಡವರು ಯಾವ ನಾಡಿನವರು?"

"ಇದೇನು ಮಹಾ!" ಪದುಮಸೆಟ್ಟಿ ಚಿಟಿಕೆ ಹೊಡೆದ. "ಒಂದೇ ಎತ್ತು ತುಂಬಿಸಬಲ್ಲವರೇ ಬಡವರು."

"ತಪ್ಪು."

ಭಟರು ಸೆಟ್ಟಿಯ ಕಡೆ ತಿರುಗಿದರು. ಅವನೂ ಪಕ್ಕಕ್ಕೆ ಸರಿದ.

"ಹತ್ತು ಎತ್ತು ಕಳಿಸಿದವರೇ ಬಡವರು," ಎಂದ ಬೀರಣ. "ಅವರು ಕಳಿಸುವುದು ಹತ್ತಿ, ಪಡೆಯುವುದು ಸೀರೆ. ನೂಲುವ, ನೇಯುವ, ಬಣ್ಣ ಕಟ್ಟುವ ಕೈಗಳೆಲ್ಲ ಆಚೆ ನಾಡಿನಲ್ಲಿವೆ. ಬೆಲೆ ಏರುವುದು ಆ ಕೈಗಳಲ್ಲಿ. ಹೊಲದಲ್ಲಿ ಹತ್ತಿ ಬಿಡಿಸುವವಳ ಮೈಮೇಲೆ ತೇಪೆಯ ಸೀರೆ. ಈ ಲೆಕ್ಕ ನನ್ನ ಎತ್ತಿನ ಬೆನ್ನಿಗೆ ಗೊತ್ತು."

ಅರಸ ಮುಂದಕ್ಕೆ ಬಾಗಿದ. "ಅವರಿಗೆ ನೇಯ್ಗೆ ಬಾರದೇನು?"

"ಬರುತ್ತಿತ್ತು ಪ್ರಭು. ಅದು ಬಹುಶಃ ಮೂರನೆಯ ಒಗಟಿಗೆ ಸೇರಿದ ಮಾತು."

ಕುವರಿ ಅವನನ್ನು ದಿಟ್ಟಿಸಿದಳು. ಅವಳ ದನಿ ತಗ್ಗಿತು. "ಮೂರನೆಯದು. ಕೊಡಲಿ ಬೀಸಿದವನು ಸತ್ತು ಅರುವತ್ತು ವರ್ಷ. ಮರ ಇಂದಿಗೂ ಬೀಳುತ್ತಲೇ ಇದೆ. ಮರ ಯಾವುದು? ಕೊಡಲಿ ಯಾರದು?"

"ಮರ ಸಂಸಾರ, ಕೊಡಲಿ ಕಾಲನದು!" ಎಂದು ಅರಿಮರ್ದನ ಕೂಗಿದ.

"ತಪ್ಪು. ಕಾಲನಿಗೆ ಸಾವಿಲ್ಲ."

ಉಳಿದವನು ಬೀರಣ ಒಬ್ಬನೇ. ಅವನು ಬಾಯಿ ತೆರೆಯಲಿಲ್ಲ. ಉತ್ತರ ತಿಳಿಯದೆ ಅಲ್ಲ. ಅರಸನ ಹಿರಿಯರನ್ನು ಹಳಿದವನಿಗೂ ಆ ನಾಡಿನಲ್ಲಿ ತಲೆದಂಡವೇ. ಸುಮ್ಮನಿದ್ದರೆ ಸಾವು, ನಿಜ ನುಡಿದರೂ ಸಾವು.

"ಹೇಳು," ಎಂದ ಅರಸ.

"ನಾನು ಹೇಳಲಾರೆ ಪ್ರಭು. ತಮ್ಮ ಹೊಗಳುಭಟ್ಟರು ದಿನವೂ ಹೇಳುತ್ತಾರೆ. ಇನ್ನೊಮ್ಮೆ ಹೇಳಿಸಬೇಕು."

ಅರಸ ಕೈ ಸನ್ನೆ ಮಾಡಿದ. ಹೊಗಳುಭಟ್ಟ ಎದ್ದು ಗಂಟಲು ಸರಿಪಡಿಸಿಕೊಂಡ. "ಅರಿರಾಯರ ಗಂಡ! ಗಡಿ ದಾಟಿದ ಗಂಡ! ಏರಿಯೊಡೆದ..."

ಅಲ್ಲಿಗೆ ನಿಂತ. ಇಪ್ಪತ್ತು ವರ್ಷ ಕೂಗಿದ್ದ ಬಿರುದು ಅಂದು ಮೊದಲ ಸಲ ಅವನ ಕಿವಿಗೆ ಬಿದ್ದಿತ್ತು.

"ಯಾವ ಏರಿ?" ಎಂದ ಅರಸ.

"ಮಾಗೆರೆಯ ಏರಿ ಪ್ರಭು," ಎಂದ ಬೀರಣ. "ತಮ್ಮ ಅಜ್ಜನವರು ಯುದ್ಧದಲ್ಲಿ ನಮ್ಮ ದೊಡ್ಡ ಕೆರೆಯ ಏರಿ ಒಡೆಸಿ ಆ ಬಿರುದು ಪಡೆದರು. ನೀರು ಹೋಯಿತು. ನೀರಿನ ಹಿಂದೆ ಬಣ್ಣಗಾರರು ಹೋದರು, ಅವರ ಹಿಂದೆ ನೇಕಾರರು. ಈಗ ತಮ್ಮ ನೇಕಾರಗೇರಿಯಲ್ಲಿರುವವರು ಅವರ ಮೊಮ್ಮಕ್ಕಳು. ನಮಗೆ ಉಳಿದದ್ದು ಮಳೆ ಕಾಯುವ ಹತ್ತಿಹೊಲ. ಬೀಳುತ್ತಿರುವ ಮರ ನಮ್ಮ ನಾಡು."

ಭಟರ ಕೈ ಕತ್ತಿಯ ಹಿಡಿಗೆ ಹೋಯಿತು. ಕುವರಿ ಎದ್ದು ಓಲೆಯನ್ನು ತಂದೆಯ ಮುಂದೆ ಹಿಡಿದಳು.

"ಇದರಲ್ಲೂ ಅದನ್ನೇ ಬರೆದಿದ್ದೇನೆ ಅಪ್ಪಾಜಿ. ತಲೆ ತೆಗೆಯುವುದಾದರೆ ನನ್ನದು ಮೊದಲು. ಎರಡು ಸಲ ತಮಗೆ ಹೇಳಲು ಬಂದೆ. ಎರಡು ಸಲವೂ ನಡುವೆ ಬಿರುದು ಕೂಗಿದರು."

ಅರಸ ಓಲೆಯನ್ನು ಎರಡು ಬಾರಿ ಓದಿದ. ಕತ್ತಿಯಿಂದ ಕೈ ತೆಗೆಯುವಂತೆ ಭಟರಿಗೆ ಸನ್ನೆ ಮಾಡಿದ. ಕೊನೆಗೆ, "ವರ ಬೇಡು ಪ್ರಧಾನಿ," ಎಂದ.

"ಏರಿ, ಪ್ರಭು."

"ಕೊಟ್ಟೆ. ಇವರ ತಲೆಗಳು?"

ಬೀರಣ ಮೂವರನ್ನೂ ನೋಡಿದ. "ತಲೆಗಳು ಚೆನ್ನಾಗಿಯೇ ಇವೆ ಪ್ರಭು. ಕಾಲು ಸವೆದಿಲ್ಲ, ಅಷ್ಟೇ. ಒಂದು ವರ್ಷ ನನ್ನ ಎತ್ತುಗಳ ಹಿಂದೆ ನಡೆದು ಏರಿಗೆ ಕಲ್ಲು ಸಾಗಿಸಲಿ."

ಹಾಗೆಯೇ ಆಯಿತು. ರತ್ನವಾಡಿಯ ಒಡ್ಡರೂ ಮಾಗೆರೆಯ ರೈತರೂ ಕೂಡಿ ಮೂರು ಬೇಸಗೆ ದುಡಿದರು. ಮೂರನೆಯ ಮಳೆಗಾಲಕ್ಕೆ ಕೆರೆ ತುಂಬಿ ಕೋಡಿ ಬಿತ್ತು. ಬೀರಣನ ತಾಯಿ ಮನೆಯ ಮುಂದಿನ ಕೆರೆಯ ಮೆಟ್ಟಿಲಿಳಿದು ಕೊಡ ತುಂಬಿಕೊಂಡಳು. ನೇಕಾರಗೇರಿಯಿಂದ ಏಳು ಮನೆಯವರು ಮಗ್ಗ ಬಿಚ್ಚಿ, ಎತ್ತಿಗೆ ಹೇರಿ, ಅಜ್ಜನ ಊರಿಗೆ ಹೊರಟರು. ಆ ಎತ್ತುಗಳನ್ನು ಪ್ರಧಾನಿಯೇ ನಡೆಸಿದ.

ಮರುದಿನ ಸಭೆಯಲ್ಲಿ ಹೊಗಳುಭಟ್ಟ ಉತ್ಸಾಹದಿಂದ ಎದ್ದ. "ಅರಿರಾಯರ ಗಂಡ! ಗಡಿ ದಾಟಿದ ಗಂಡ! ಏರಿ ಕಟ್ಟಿದ..."

"ಕೂತುಕೋ," ಎಂದ ಅರಸ. "ಕಟ್ಟಿದವರು ಒಡ್ಡರು, ರೈತರು. ನನಗೆ ಹೆಸರಿದೆ. ಅಷ್ಟು ಹೇಳು, ಸಾಕು."