ತಾಯಿಯ ಶವದ ಮುಂದೆ ಕೂಲಿಂಗ್ ಗ್ಲಾಸ್

ಇದನ್ನು ನನಗೆ ಮೊದಲು ಹೇಳಿದವರು ನನ್ನ ಬ್ಲೌಸ್ ಹೊಲಿಯುವ ವನಜಕ್ಕ.

ಶೂಟಿಂಗಿನಲ್ಲಿ ಅವತ್ತು ವಿಲನ್ ಹೀರೋನ ತಾಯಿಯನ್ನು ಕೊಂದ ದೃಶ್ಯ. ಹೀರೋ ಅಳಬೇಕು. ಆದರೆ ಕೂಲಿಂಗ್ ಗ್ಲಾಸ್ ತೆಗೆಯಲೊಲ್ಲ. "ಅದು ನನ್ನ ಸ್ಟೈಲು ಕಣ್ರೀ!"

ಹೀರೋಗೆ ಎದುರಾಡಲಾರದ ನಿರ್ದೇಶಕರು ಕಾಸ್ಟ್ಯೂಮರ್ ತಿಪ್ಪಣ್ಣನ ಮೇಲೆ ಹರಿಹಾಯ್ದರು. "ಅದನ್ನು ತೆಗೆಸು, ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ತಿಪ್ಪಣ್ಣ ಗ್ಲಾಸನ್ನು ಇಸಿದುಕೊಂಡು, ಪಳಪಳ ಒರೆಸಿ ವಾಪಸು ಕೊಟ್ಟ. "ಹಾಕ್ಕೊಳ್ಳಿ ಬಾಸ್, ಭರ್ಜರಿಯಾಗಿದೆ. ಕ್ಲೋಸಪ್ಪಲ್ಲಿ ಎದುರಿಗಿರೋ ವಿಲನ್ ಮುಖ ಎರಡು ಗಾಜಲ್ಲೂ ಕಾಣುತ್ತೆ, ಅಷ್ಟೇ. ನಿಮ್ಮ ಮುಖ ಒಂದು, ಅವರದು ಎರಡು."

ಹೀರೋ ನೆಟ್ಟಗೆ ವಿಲನ್ ಹತ್ತಿರ ಹೋಗಿ ಗ್ಲಾಸನ್ನು ಅವನ ಮೂಗಿಗೇರಿಸಿದ. "ನಿಮಗೇ ಒಪ್ಪುತ್ತೆ ಸಾರ್. ಸೀನ್ ಮುಗಿಯೋವರೆಗೂ ತೆಗೀಬೇಡಿ." ಆಮೇಲೆ ಕೂತು ಚೆನ್ನಾಗಿ ಅತ್ತ.

ತಿಪ್ಪಣ್ಣ ಮರುದಿನವೂ ಕೆಲಸಕ್ಕೆ ಹೋದ. ನೀವೂ ಇದನ್ನು ನಾಲ್ಕು ಜನಕ್ಕೆ ಹೇಳಿ. ಹೀರೋ ಹೆಸರು ಮಾತ್ರ ನನ್ನನ್ನು ಕೇಳಬೇಡಿ.