ಐತ ಕೇಳಿ ತಂದ ನಿಯಮ

ಶಿಷ್ಯ ಕೇಳಿದ: "ಗುರುಗಳೇ, ನನ್ನ ಜೊತೆಯವನು ಪೇಟೆಗೆ ಹೋಗಿ ಬಡಗಿ ಕೆಲಸ ಕಲಿಯುತ್ತಿದ್ದಾನೆ. ಮಠದ ಅನ್ನ ಉಂಡು ಬೇರೆ ಕಸುಬು ಹಿಡಿಯುವುದು ಸರಿಯೇ? ಇದಕ್ಕೊಂದು ನಿಯಮ ಬೇಡವೇ?"

ಗುರು ನಕ್ಕರು. "ಹೊಟ್ಟೆಯುರಿ ಎಂದಿದ್ದರೆ ಮಜ್ಜಿಗೆ ಕೊಡಿಸುತ್ತಿದ್ದೆ. ನಿಯಮ ಬೇಕೆಂದೆಯಲ್ಲ, ಕತೆ ಕೇಳು" ಎಂದು ಹೇಳತೊಡಗಿದರು.

ಒಂದು ಕಾಫಿ ತೋಟದ ಕೂಲಿ ಲೈನಿನಲ್ಲಿ, ಅಂದರೆ ಆಳುಗಳಿಗೆಂದು ತೋಟದವರು ಕಟ್ಟಿಸಿದ ಸಾಲುಮನೆಗಳಲ್ಲಿ, ಐತ, ದೂಮ ಎಂಬ ಇಬ್ಬರು ಅಕ್ಕಪಕ್ಕದ ಮನೆಯವರು. ತೋಟದಲ್ಲಿ ದುಡಿಯುವವರೆಗೆ ಮಾತ್ರ ಆ ಮನೆ. ಮನೆಗೊಬ್ಬರು ದುಡಿದರೂ ಸಾಕೆಂಬುದು ಅಲ್ಲಿಯ ರೂಢಿ. ದೂಮ ಹೆಂಡತಿಯನ್ನು ಹಣ್ಣು ಕೊಯ್ಯಲು ಬಿಟ್ಟು, ತಾನು ಪೇಟೆಯಲ್ಲಿ ನಲ್ಲಿ ಕೂಡಿಸುವ ಕೆಲಸ ಕಲಿತ. ವರ್ಷ ತುಂಬುವುದರೊಳಗೆ ಅವನ ಮನೆಗೆ ಗ್ಯಾಸ್ ಒಲೆ ಬಂತು, ಮಕ್ಕಳ ಕಾಲಿಗೆ ಬೂಟು ಬಂತು. ಆ ಮನೆಯ ಕುಕ್ಕರು ಸೀಟಿ ಹೊಡೆದಾಗಲೆಲ್ಲ ಐತ ಅರ್ಧ ಉಂಡ ತಟ್ಟೆ ಬಿಟ್ಟು ಏಳುತ್ತಿದ್ದ.

"ನೀವೂ ಹೋಗಿ ಕಲೀಬಾರ್ದಾ?" ಎಂದಳು ಹೆಂಡತಿ.

"ನಾನ್ಯಾಕೆ ಹೋಗ್ಲಿ? ಅವ್ನೇ ತೋಟದ ಕೆಲ್ಸಕ್ಕೆ ವಾಪಸ್ ಬರ್ಲಿ" ಎಂದ ಐತ.

ಮರುದಿನವೇ ತೋಟದ ಯಜಮಾನನ ಮುಂದೆ ಕೈಕಟ್ಟಿ ನಿಂತ. ದೂಮ ದುಡಿಯುವುದು ಪೇಟೆಯಲ್ಲಿ, ಮಲಗುವುದು ತೋಟದ ಮನೆಯಲ್ಲಿ, ಇದು ಯಾವ ನ್ಯಾಯ ಎಂದು ಕೇಳಿದ. ಆಳು ಸಿಗದೆ ಪರದಾಡುತ್ತಿದ್ದ ಯಜಮಾನನಿಗೆ ಈ ಮಾತು ರುಚಿಸಿತು. ಲೈನು ಮನೆಯಲ್ಲಿರುವ ಪ್ರಾಯದವರೆಲ್ಲ ತೋಟದಲ್ಲೇ ದುಡಿಯಬೇಕು, ಇಲ್ಲವೇ ಮನೆ ಬಿಡಬೇಕು ಎಂದು ನಿಯಮ ಮಾಡಿದ.

ದೂಮನ ಕೈಯಲ್ಲಿ ಕಸುಬಿತ್ತು. ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಹೆಂಡತಿ ಮಕ್ಕಳೊಂದಿಗೆ ಹೊರಟುಹೋದ. ಅಂದು ಐತ ಮತ್ತೊಮ್ಮೆ ಅನ್ನ ಬಡಿಸಿಕೊಂಡು ಉಂಡ.

ಐತನಿಗೊಬ್ಬಳು ಮಗಳಿದ್ದಳು. ಪೇಟೆಯ ಆಸ್ಪತ್ರೆಯಲ್ಲಿ ದಾದಿ ಕೆಲಸ ಕಲಿಯಲು ಅವಳಿಗೆ ಕರೆ ಬಂತು. ಅದೇ ವಾರ ತೋಟದ ಮೇಸ್ತ್ರಿಯೂ ಬಾಗಿಲಿಗೆ ಬಂದ. "ಮಗ್ಳಿಗೆ ಪ್ರಾಯ ಆಯ್ತಲ್ಲ ಐತ, ನಾಳೆಯಿಂದ ಕೊಯ್ಲಿಗೆ ಕಳ್ಸು. ಇಲ್ದಿದ್ರೆ ಮನೆ ಬಿಡು" ಎಂದ.

ಐತನಿಗೆ ಬೇರೆ ಕಸುಬೂ ಇರಲಿಲ್ಲ, ಬೇರೆ ಸೂರೂ ಇರಲಿಲ್ಲ. ಬೆಳಿಗ್ಗೆ ಮಗಳು ಕೊಯ್ಲಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತ ಕೇಳಿದಳು: "ಈ ನಿಯಮ ಯಾರು ಮಾಡಿದ್ದಪ್ಪಾ?"

"ಯಜಮಾನ್ರು" ಎಂದ ಐತ.

ಗುರು ಕತೆ ನಿಲ್ಲಿಸಿದರು.

"ಈಗ ಹೇಳು, ನಿಯಮ ಮಾಡಲೇ?"